ಜಗಲಿಯ ಮೇಲಿನ ಮೂರು ದಿನ

ನಮ್ಮ ಮನೆಗೆ ಯಾವ ಕಾಗದ ಬಂದರೂ ಮೊದಲು ದೇವರ ಜಗಲಿಗೆ ಹೋಗುತ್ತದೆ. ಲಗ್ನಪತ್ರಿಕೆ, ನನ್ನ ಎಂ.ಕಾಂ. ಅಂಕಪಟ್ಟಿ, ಮೌಶಿಯ ವರ್ಗಾವಣೆಯ ಆದೇಶ, ಯಾವುದಕ್ಕೂ ವಿನಾಯಿತಿ ಇಲ್ಲ. ಆಯಿ ಲಕೋಟೆಯ ಮೂಲೆಗೆ ಒಂದು ಚಿಟಿಕೆ ಅರಿಶಿನದ ಭಂಡಾರ ಹಚ್ಚಿ ಮಲ್ಲಣ್ಣನ ಮುಂದೆ ಇಡುತ್ತಾಳೆ. ಭಾನುವಾರ ಮಲ್ಲಣ್ಣನ ವಾರ. ಅವತ್ತಿನ ಪೂಜೆ ಆಗುವ ತನಕ ಯಾರೂ ಅದನ್ನು ತೆರೆಯುವಂತಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಮೌಶಿಯ ನೌಕರಿಯ ಆದೇಶವೂ ಹೀಗೇ ನಾಲ್ಕು ದಿನ ಅರಿಶಿನದ ಪುಡಿಯಲ್ಲಿ ಕೂತಿತ್ತಂತೆ. ಆ ನೌಕರಿ ನಮ್ಮೆಲ್ಲರನ್ನೂ ಸಾಕಿತು. ಹೀಗಾಗಿ ಪದ್ಧತಿಯನ್ನು ಪ್ರಶ್ನಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಮೌಶಿ ನನ್ನ ತಾಯಿಯ ತಂಗಿ. ಔರಾದಿನ ಸರಕಾರಿ ದವಾಖಾನೆಯಲ್ಲಿ ನರ್ಸ್. ಮದುವೆಯಾಗಿಲ್ಲ. ಆಯಿ, ಅಂದರೆ ನನ್ನ ಅಜ್ಜಿ, ಅವಳ ಜೊತೆ ಭಾಲ್ಕಿಯಲ್ಲಿ ಇದ್ದಾಳೆ. ಮೌಶಿ ದಿನಾ ಬಸ್ಸಿನಲ್ಲಿ ಔರಾದಿಗೆ ಹೋಗಿ ಬರುತ್ತಾಳೆ. ನಾನೂ ಶಾಲೆ ಕಲಿತದ್ದು ಅದೇ ಬಾಡಿಗೆ ಮನೆಯಲ್ಲಿದ್ದುಕೊಂಡು. ಆಮೇಲೆ ಕಲಬುರಗಿಯಲ್ಲಿ ಓದಿ, ಬೀದರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ, ಮೈಲೂರಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಶನಿವಾರವೋ ಭಾನುವಾರವೋ ರೈಲು ಹತ್ತಿ ಭಾಲ್ಕಿಗೆ ಬರುತ್ತಿದ್ದೆ.

ಆ ಬಾಡಿಗೆ ಮನೆಯ ಹಿತ್ತಲಿನಲ್ಲಿ ಕಲ್ಲು ಕಟ್ಟಿದ ಒಂದು ಬಾವಿ ಇದೆ. ಮಳೆ ಸತತ ಎರಡನೆಯ ವರ್ಷ ಕೈಕೊಟ್ಟಾಗ ಓಣಿಯ ಬೋರ್‌ವೆಲ್ಲುಗಳು ಒಂದೊಂದಾಗಿ ಬರೀ ಗಾಳಿ ಉಗುಳತೊಡಗಿದವು. ನಮ್ಮ ಬಾವಿಯಲ್ಲಿ ಮಾತ್ರ ಆಳುದ್ದ ನೀರು ನಿಂತಿತ್ತು. ಹನ್ನೆರಡು ಮನೆಯವರು ಮನೆಗೆ ನಾಲ್ಕು ಕೊಡದಂತೆ ಸೇದುತ್ತಿದ್ದರು. ಆಯಿ ಬಾವಿಯ ಪಕ್ಕ ಕುರ್ಚಿ ಹಾಕಿಕೊಂಡು ಪಾಳಿ ನೋಡುತ್ತಿದ್ದಳು. ಐದನೆಯ ಕೊಡಕ್ಕೆ ಕೈ ಹಾಕಿದವರಿಗೆ ಅವಳ ನಾಲಿಗೆ ಸಾಕಾಗುತ್ತಿತ್ತು.

ಮನೆಯ ಮಾಲಕರು ಪುಣೆಯಲ್ಲಿ ಮಗನ ಹತ್ತಿರ ಇದ್ದ ಮುದುಕರು. ನಾವು ಅವರನ್ನು ಕಾಕಾ ಅನ್ನುತ್ತೇವೆ. ಮನೆ ಮಾರುವುದಾಗಿ ಹೇಳಿದಾಗ ಮೊದಲು ಕೇಳಿದ್ದು ಮೌಶಿಯನ್ನೇ. ಎರಡನೆಯದಾಗಿ ಕಾದು ನಿಂತಿದ್ದವರು ನೀರಿನ ಟ್ಯಾಂಕರುಗಳನ್ನು ಇಟ್ಟುಕೊಂಡ ಒಬ್ಬರು. ಅವರಿಗೆ ಮನೆ ಬೇಕಾಗಿರಲಿಲ್ಲ. ಅವರು ಬಂದು ಗೋಡೆ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ. ಬಾವಿಯೊಳಗೆ ಕಲ್ಲು ಹಾಕಿ, ಸದ್ದು ಕೇಳಿಸಿಕೊಂಡು ಹೋದರು.

ಕಾಕಾ ಫೋನಿನಲ್ಲಿ ಮೌಶಿಗೆ ಹೇಳಿದ್ದು ನನಗೆ ಮಾತಿಗೆ ಮಾತು ನೆನಪಿದೆ. "ಬಾಯೀ, ನಿಮಗ ಕೊಟ್ಟ ಮಾತು ಮೊದಲ. ಆದ್ರ ನನ್ನ ಮೊಣಕಾಲು ಒಂದೇ ಸಲ ರೈಲ್ ಹತ್ತತಾವ್ರಿ. ಯುಗಾದಿಗೆ ಬರ್ತೇನಿ, ಮರುದಿನ ರಿಜಿಸ್ಟ್ರಿ ಆಗ್ಬೇಕು. ಆದ್ರ ನಿಮಗ, ಇಲ್ಲಾಂದ್ರ ಅವರಿಗೆ."

ಮೌಶಿ ಗೃಹಸಾಲಕ್ಕೆ ಅರ್ಜಿ ಹಾಕಿದಳು. ಬೀದರಿನಲ್ಲಿ ಶಾಖೆ ಇರುವ ಒಂದು ಸಾಲದ ಕಂಪನಿ. ಅದರ ಏಜೆಂಟರ ಮಗಳು ಹುಟ್ಟಿದ್ದು ಔರಾದಿನಲ್ಲಿ, ಮೌಶಿಯ ಕೈಯಲ್ಲೇ. "ಸಿಸ್ಟರ್, ನೀವು ಸೈ ಅಷ್ಟ ಮಾಡ್ರಿ, ಬಾಕಿದೆಲ್ಲಾ ನನಗ ಬಿಡ್ರಿ" ಎಂದು ಅವರು ದವಾಖಾನೆಯ ವರಾಂಡದಲ್ಲೇ ಕಾಗದ ಹರಡಿದರಂತೆ. ಹದಿನಾರು ಕಡೆ ಸಹಿ. ಮೌಶಿ ಪೆನ್ನು ಹಿಡಿದುಕೊಂಡೇ ನನಗೆ ಫೋನ್ ಮಾಡಿದ್ದಳು.

"ಎಲ್ಲಾ ಇಂಗ್ಲಿಷಿನ್ಯಾಗ ಅದ. ಮಾಡ್ಲೇನು?"

ನಾನು ಪರೀಕ್ಷೆಯ ಕೋಣೆಯ ಮೇಲ್ವಿಚಾರಣೆಯಲ್ಲಿದ್ದೆ. "ಮಾಡು ಮೌಶಿ, ಎಲ್ಲಾ ಕಡೆ ಹಂಗ ಇರ್ತದ" ಎಂದು ಪಿಸುಗುಟ್ಟಿ ಫೋನ್ ಇಟ್ಟೆ. ಸಾಲ ಮತ್ತು ಅಡಮಾನ ಎಂಬ ಪಾಠವನ್ನು ಮೂರು ಸೆಮಿಸ್ಟರ್ ಕಲಿಸಿದವಳು ನಾನು.

ಕಂಪನಿಯ ಲಕೋಟೆ ಬಂದದ್ದು ಒಂದು ಮಂಗಳವಾರ. ಮೌಶಿ ಔರಾದಿನಲ್ಲಿದ್ದಳು. ಕಂಪನಿಯ ಹುಡುಗನೊಬ್ಬ ತಂದುಕೊಟ್ಟದ್ದನ್ನು ಆಯಿ ಇಸಿದುಕೊಂಡಳು, ಭಂಡಾರ ಹಚ್ಚಿದಳು, ಜಗಲಿಗೆ ಇಟ್ಟಳು. ಏಜೆಂಟರು ಮೌಶಿಗೆ ಫೋನ್ ಮಾಡಿ, ಭಾನುವಾರ ತಾನೇ ಬಂದು ಸಹಿ ತೆಗೆದುಕೊಳ್ಳುವುದಾಗಿ ಹೇಳಿದರು. ಅದು ಏನು ಕಾಗದ ಎಂದು ಅವರೂ ಹೇಳಲಿಲ್ಲ, ಮೌಶಿಯೂ ಕೇಳಲಿಲ್ಲ.

ಭಾನುವಾರ ಬೆಳಗಿನ ರೈಲಿಗೆ ನಾನು ಭಾಲ್ಕಿ ತಲುಪಿದಾಗ ಆಯಿ ಕಾಯಿ ಒಡೆದು ಕೂತಿದ್ದಳು. ಮೌಶಿ ತಲೆಗೆ ಎಣ್ಣೆ ಹಚ್ಚಿಕೊಂಡು ಹಿತ್ತಲ ಬಾಗಿಲಲ್ಲಿದ್ದಳು. ಬಾವಿಯ ಸುತ್ತ ನಾಲ್ಕೈದು ಹೆಂಗಸರು ಪಾಳಿಗೆ ನಿಂತಿದ್ದರು. ಆಯಿ ಲಕೋಟೆಯನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟಳು.

"ಓದು ಪೋರಿ. ಜೋರಾಗಿ ಓದು, ಮಲ್ಲಣ್ಣಗೂ ಕೇಳಬೇಕು."

ತೆರೆದೆ. ನಾಲ್ಕು ಹಾಳೆ, ಎಲ್ಲ ಇಂಗ್ಲಿಷ್. ಮೇಲಿನ ಶೀರ್ಷಿಕೆ ಓದಿದ ಕೂಡಲೇ ಗುರುತು ಸಿಕ್ಕಿತು. ಅದು ಮುಖ್ಯಾಂಶಗಳ ಪತ್ರ. ಸಾಲ ಕೊಡುವವರು ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುವ ಮೊದಲೇ, ಸಾಲದ ನಿಜವಾದ ಬೆಲೆಯೆಷ್ಟು ಎಂಬುದನ್ನು ಸರಳವಾಗಿ ಬರೆದು ಸಾಲಗಾರರ ಕೈಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕು ಮಾಡಿದ ನಿಯಮ ಆಗಿನ್ನೂ ಹೊಸದು. ನಾನು ಅದನ್ನು ತರಗತಿಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಕೇಳಿದ್ದೆ. ಕಾಗದವನ್ನು ಕಣ್ಣಿಂದ ನೋಡಿದ್ದು ಅವತ್ತೇ ಮೊದಲು. ಪುಸ್ತಕದಲ್ಲಿ ಮಾತ್ರ ಕಂಡ ಹಕ್ಕಿ ಹಿತ್ತಲಿಗೆ ಬಂದು ಕೂತಂತಾಯಿತು.

"ಬಡ್ಡಿ ಒಂಬತ್ತೂ ಕಾಲು" ಎಂದು ಓದಿದೆ.

"ಅದು ಹೇಳ್ಯಾರ ಅವರು" ಎಂದಳು ಮೌಶಿ.

ಅದರ ಕೆಳಗೆ ಇನ್ನೊಂದು ಅಂಕಿ ಇತ್ತು. ವಾರ್ಷಿಕ ಒಟ್ಟು ದರ, ಹತ್ತೂವರೆ.

"ಎರಡು ಯಾಕ?" ಮೌಶಿ ಎದ್ದು ಬಂದು ನನ್ನ ಭುಜದ ಮೇಲಿಂದ ಇಣುಕಿದಳು. "ಬಿಪಿ ಇದ್ದಂಗ ಏನು, ಮ್ಯಾಲಿಂದೊಂದು ಕೆಳಗಿಂದೊಂದು?"

"ಹಂಗ ಅನ್ಕೋ. ಮ್ಯಾಲಿಂದು ಬರೀ ಬಡ್ಡಿ. ಫೀಸು, ವಕೀಲರ ಖರ್ಚು, ಇನ್ನೇನೇನು ನಿನ್ನ ಕಡಿಂದ ತಗೋತಾರ ಎಲ್ಲಾ ಕೂಡಿಸಿದ್ರ ಕೆಳಗಿಂದು."

"ಹಂಗಾದ್ರ ಕೆಳಗಿಂದು ಜಾಸ್ತಿ ಆಗ್ಯದಲ್ಲ. ಪೇಷೆಂಟಿಗೆ ಏನೋ ಆಗ್ಯದ."

ಅದೇ ಮಾತು ನನ್ನ ತಲೆಯಲ್ಲೂ ಓಡುತ್ತಿತ್ತು. ಹದಿನೈದು ವರ್ಷದ ಸಾಲದಲ್ಲಿ ಬರೀ ಅರ್ಜಿಯ ಶುಲ್ಕ ಸೇರಿದರೆ ಎರಡು ಅಂಕಿಗಳ ನಡುವೆ ಇಷ್ಟು ಅಂತರ ಬರುವುದಿಲ್ಲ. ಏನೋ ದೊಡ್ಡದು ಒಳಗೆ ಕೂತಿರಬೇಕು. ಚೀಲದಿಂದ ಕ್ಯಾಲ್ಕುಲೇಟರ್ ತೆಗೆದೆ. ನೆಲದ ಮೇಲೆ ಹಾಳೆಗಳನ್ನು ಹರಡಿ, ಬೆರಳಿಟ್ಟು ಒಂದೊಂದೇ ಸಾಲು ಇಳಿದೆ. ಅರ್ಜಿಯ ಶುಲ್ಕ. ಕಾನೂನು ಪರಿಶೀಲನೆ. ಮನೆಯ ಬೆಲೆ ಕಟ್ಟಿದ್ದಕ್ಕೆ ಒಂದಿಷ್ಟು. ಇವೆಲ್ಲ ಸಣ್ಣವು. ಎರಡನೆಯ ಹಾಳೆಯ ನಡುವಿನಲ್ಲಿ, ಮೂರನೆಯವರ ಪರವಾಗಿ ವಸೂಲಿ ಎಂಬ ಸಾಲಿನ ಎದುರಿಗೆ ಇತ್ತು ಅದು.

"ಸಿಕ್ತು!" ಎಂದು ಕೂಗಿದೆ.

ಆ ಮನೆಯಲ್ಲಿ ನಾನು ಕೂಗಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಬಾವಿಯಲ್ಲಿ ಹಗ್ಗ ನಿಂತಿತು. "ಏನ್ರೀ ಆಯಿ, ಚೇಳು ಕಡೀತೇನ್ರಿ?" ಎಂದು ಒಬ್ಬಾಕೆ ಕೇಳಿದಳು.

ಜೀವವಿಮೆ. ಹದಿನೈದು ವರ್ಷದ ಕಂತನ್ನು ಒಂದೇ ಸಲಕ್ಕೆ ಕಟ್ಟುವಂಥದ್ದು. ಮೌಶಿಯ ಎರಡು ತಿಂಗಳ ಪಗಾರಕ್ಕಿಂತ ಹೆಚ್ಚು. ಅದನ್ನು ಸಾಲದ ಮೊತ್ತದಲ್ಲೇ ಸೇರಿಸಿ, ಅದರ ಮೇಲೂ ಹದಿನೈದು ವರ್ಷ ಬಡ್ಡಿ ಹಾಕಿದ್ದರು. ಹದಿನಾರು ಸಹಿಗಳಲ್ಲಿ ಒಂದು ಅದಕ್ಕೆ ಒಪ್ಪಿಗೆ.

"ನಾ ವಿಮಾ ಕೇಳೇ ಇಲ್ಲಲ್ಲ. ನನ್ನ ನೌಕರಿದು ಅದನಲ್ಲ ಒಂದು" ಎಂದಳು ಮೌಶಿ. ಸಿಟ್ಟು ಬಂದರೆ ಅವಳ ದನಿ ಇಳಿಯುತ್ತದೆ. ಈಗ ಇಳಿದಿತ್ತು.

ನನಗೆ ನಾಚಿಕೆಯೂ ಆಯಿತು. ಮಾಡು ಎಂದವಳು ನಾನು. ಆದರೆ ನಾಚಿಕೆಗಿಂತ ಜೋರಾಗಿ ಏನೋ ಎದೆಯಲ್ಲಿ ಕುಣಿಯುತ್ತಿತ್ತು. ಈ ಹಾಳೆ ಇರದಿದ್ದರೆ ಆ ವಿಮೆ ನಮಗೆ ಎಂದೂ ಕಾಣುತ್ತಿರಲಿಲ್ಲ. ಬಚ್ಚಿಡುವುದು ಸುಲಭವಾಗಿದ್ದ ಜಾಗದಲ್ಲಿ ಯಾರೋ ಒಂದು ಕಿಟಕಿ ಕೊರೆದಿಟ್ಟಿದ್ದರು, ನಾನು ಅದರಿಂದ ಒಳಗೆ ನೋಡಿದ್ದೆ. ಸಹಿ ಮಾಡಿದ್ದು ಅರ್ಜಿಗೆ ಮಾತ್ರ, ಒಪ್ಪಂದಕ್ಕೆ ಅಲ್ಲ. ಇನ್ನೂ ಏನೂ ಕೈಮೀರಿಲ್ಲ ಎಂದು ಮೌಶಿಗೆ ಬಿಡಿಸಿ ಹೇಳುತ್ತಲೇ ಮುಂದಿನ ಸಾಲುಗಳನ್ನು ಓದಿದೆ. ಅಲ್ಲಿ ನನ್ನ ಬೆರಳು ನಿಂತಿತು.

ಈ ಪತ್ರದ ಶರತ್ತುಗಳು ಮೂರು ಕೆಲಸದ ದಿನ ಜಾರಿಯಲ್ಲಿರುತ್ತವೆ. ಅಷ್ಟರೊಳಗೆ ಸಾಲಗಾರರು ಒಪ್ಪಿದರೆ ಕಂಪನಿ ಇದೇ ಶರತ್ತಿನ ಮೇಲೆ ಸಾಲ ಕೊಡಲೇಬೇಕು. ಪತ್ರದ ಮೇಲಿದ್ದದ್ದು ಮಂಗಳವಾರದ ತಾರೀಖು.

"ಶುಕ್ರವಾರಕ್ಕ ಮುಗದದ" ಎಂದೆ.

"ಏನು ಮುಗದದ?" ಎಂದಳು ಆಯಿ.

"ಇದರ ವಾಯಿದೆ, ಆಯಿ. ಇನ್ನ ಇದೇ ಬಡ್ಡಿಗೆ ಕೊಡ್ಲೇಬೇಕು ಅಂತ ಅವರ ಮ್ಯಾಲ ಬಂಧನ ಇಲ್ಲ."

ಆಯಿ ಮೊದಲು ಜಗಲಿಯನ್ನು ನೋಡಿದಳು, ಆಮೇಲೆ ನನ್ನನ್ನು. "ದೇವರ ಮುಂದ ಇಟ್ಟ ಕಾಗಜ ಹ್ಯಾಂಗ ಮುಗೀತದ?"

ಯುಗಾದಿಗೆ ಒಂಬತ್ತು ದಿನ ಉಳಿದಿತ್ತು. ಹಿತ್ತಲಲ್ಲಿ ರಾಟೆ ಮತ್ತೆ ಕಿರುಗುಟ್ಟತೊಡಗಿತು.

ಹನ್ನೊಂದು ಗಂಟೆಗೆ ಏಜೆಂಟರು ಪೇಢೆಯ ಡಬ್ಬಿ ಹಿಡಿದುಕೊಂಡು ಬಂದರು. ನಮ್ಮ ಮುಖ ನೋಡಿ ಡಬ್ಬಿಯನ್ನು ತೊಡೆಯ ಮೇಲೇ ಇಟ್ಟುಕೊಂಡರು. ವಾಯಿದೆ ಮುಗಿದ ಮಾತು ಮೌಶಿ ಎತ್ತಿದ ಕೂಡಲೇ ನಕ್ಕರು.

"ಅಷ್ಟ ಏನ್ರಿ ಸಿಸ್ಟರ್? ಸೈ ಮಾಡಿ ಕೆಳಗ ಶುಕ್ರವಾರದ ತಾರೀಖ ಹಾಕ್ರಿ. ಯಾರ ನೋಡ್ತಾರ?"

"ನಾ ನೋಡ್ತೇನಲ್ಲ" ಎಂದಳು ಮೌಶಿ.

"ಹೊಸದು ತರಸ್ಬೇಕಂದ್ರ ಹತ್ತು ದಿನ ಹಿಡೀತದ್ರಿ. ನಿಮ್ಮ ಮಾಲಕರು ಕಾಯ್ತಾರೇನು? ಟ್ಯಾಂಕರ್‌ನವರು ನಿನ್ನೆನೂ ಪುಣೆಕ್ಕ ಫೋನ್ ಹಚ್ಚಿದ್ರಂತ."

ಅದು ನಮಗೂ ಗೊತ್ತಿತ್ತು. ಆಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಒಂದು ತಾರೀಖು, ಒಂದು ಗೆರೆ. ಹಾಕಿದರೆ ಮನೆ ಉಳಿಯುತ್ತದೆ, ಬಾವಿ ಉಳಿಯುತ್ತದೆ, ವಿಮೆಯೂ ಉಳಿಯುತ್ತದೆ. ನಾನು ಮೌಶಿಯ ಮುಖವನ್ನೇ ನೋಡುತ್ತಿದ್ದೆ.

"ನಿಮ್ಮ ಮನಿಯವರಿಗೆ ಆಪರೇಷನ್ ಮಾಡುವಾಗ ನಿಮ್ಮ ಕಡಿಂದ ಸೈ ತಗೊಂಡಿದ್ದೆ. ನೆನಪದ ಏನ್ರಿ?" ಎಂದಳು ಮೌಶಿ.

"ಅದ್ರಿ."

"ಹ್ಯಾಂಗ ತಗೊಂಡೆ?"

ಅವರು ತಲೆ ಕೆರೆದುಕೊಂಡರು. "ಮೂರ್ ಸಲ ಓದಿ ಹೇಳಿದ್ರಿ. ನಮ್ಮವ್ವಗ ಮರಾಠೀದಾಗ ಬ್ಯಾರೆ ಹೇಳಿದ್ರಿ. ನಾನೇ ಬೇಸತ್ತು, ಸಾಕ್ ಬಿಡ್ರಿ ಸಿಸ್ಟರ್ ಅಂದಿದ್ದೆ."

"ತಾರೀಖ?"

"ಗಡಿಯಾರ ನೋಡಿ ಟೈಮ್ ಸುದ್ದಾ ಬರಿಸಿದ್ರಿ."

"ಬರೋಬ್ಬರಿ. ಆವಾಗ ನಾನು ಹೆಂಗ ಹೇಳಿದ್ದೆ, ಹಂಗ ನನಗೂ ಯಾರರ ಹೇಳ್ಬೇಕು. ಹೇಳಿದ್ ಮ್ಯಾಲ ಸೈ. ಅಂದಿನ ತಾರೀಖಿಗೆ." ಆಮೇಲೆ ದನಿ ಸ್ವಲ್ಪ ಮೆತ್ತಗಾಯಿತು. "ಪೇಢೆ ಇಟ್ಟು ಹೋಗ್ರಿ, ಮಗಳ ಹೆಸರ್ಲೆ ತಿಂತೇವಿ."

ಅವರು ಕೆಟ್ಟವರೇನಲ್ಲ. ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಕಡೆ ತಿರುಗಿ, "ಮೇಡಂ, ನಮಗೂ ಟಾರ್ಗೆಟ್ ಇರ್ತದ್ರಿ" ಎಂದರು. ಪೇಢೆ ಇಟ್ಟೇ ಹೋದರು.

ಅವತ್ತು ಮಧ್ಯಾಹ್ನ ಊಟ ಮಾಡಿದ್ದು ನನಗೆ ನೆನಪಿಲ್ಲ. ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ಫೋನಿನಲ್ಲಿ ತೆರೆದು, ಬೇಕಾದ ಸಾಲುಗಳನ್ನು ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆದುಕೊಂಡೆ. ಬರೆದರೆ ಮಾತ್ರ ನನ್ನ ಬಾಯಿಗೆ ಮಾತು ಬರುತ್ತದೆ. ಪತ್ರ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಅದನ್ನು ಅವರಿಗೆ ವಿವರಿಸಬೇಕು. ಅರ್ಥವಾಯಿತು ಎಂಬ ಒಪ್ಪಿಗೆ ಪಡೆಯಬೇಕು. ಅದರಲ್ಲಿ ಕಾಣಿಸದ ಯಾವ ಶುಲ್ಕವನ್ನೂ ಅವರ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಬರೆಯುತ್ತಾ ಬರೆಯುತ್ತಾ ನನಗೆ ಒಂದು ವಿಷಯ ಹೊಳೆಯಿತು. ಆ ಮೂರು ದಿನವನ್ನು ನಾವು ಅವಸರ ಮಾಡಿಸುವ ಗಡುವು ಎಂದುಕೊಂಡಿದ್ದೆವು. ಅವು ನಮ್ಮ ದಿನಗಳು. ಯೋಚಿಸಲಿಕ್ಕೆ, ಕೇಳಲಿಕ್ಕೆ, ಬೇಡ ಎನ್ನಲಿಕ್ಕೆ. ಆ ಹೊತ್ತಿನಲ್ಲಿ ಮಾತು ಬದಲಿಸಬಾರದ್ದು ಅವರು. ಆ ಮೂರು ದಿನವನ್ನು ನಾವು ಮಲ್ಲಣ್ಣನಿಗೆ ಕೊಟ್ಟುಬಿಟ್ಟಿದ್ದೆವು.

ಸೋಮವಾರ ಮೌಶಿ ರಜೆ ಹಾಕಿದಳು. ಬೆಳಗಿನ ರೈಲಿನಲ್ಲಿ ಇಬ್ಬರೂ ಬೀದರಿಗೆ ಹೊರಟೆವು. ದಾರಿಯಲ್ಲಿ ಹಲಬರ್ಗಾದ ಪ್ಲಾಟ್‌ಫಾರ್ಮಿನಲ್ಲಿ ಆ ವರ್ಷ ದಿನಾ ಕಾಣುತ್ತಿದ್ದದ್ದೇ ಕಂಡಿತು. ಹಾಸಿಗೆಯ ಸುರುಳಿ, ಹಂಚು, ಲಟ್ಟಣಿಗೆ, ಜೋಳದ ಚೀಲ, ಚೀಲದ ಮೇಲೆ ಕೂತ ಹೆಂಗಸರು. ಬರಕ್ಕೆ ಊರು ಬಿಟ್ಟು ಕೂಲಿಗೆ ಹೈದರಾಬಾದಿಗೆ ಹೋಗುವವರು ನಮ್ಮ ಡಬ್ಬಿಗೇ ಹತ್ತಿದರು. ಒಬ್ಬಾಕೆ ಮೌಶಿಯನ್ನು ಗುರುತು ಹಿಡಿದು, ತನ್ನ ಮಗುವಿನ ಲಸಿಕೆಯ ಚೀಟಿ ತೆಗೆದು ತೋರಿಸಿದಳು.

"ಮುಂದಿಂದು ಅಲ್ಲೇ ಹಾಕ್ತಾರೇನ್ರಿ ಸಿಸ್ಟರ್?"

"ಹಾಕ್ತಾರ. ಈ ಚೀಟಿ ಮಾತ್ರ ಕಳೀಬ್ಯಾಡ. ಬಾಯಿಲೆ ಹೇಳಿದ್ರ ಯಾರೂ ನಂಬಂಗಿಲ್ಲ."

ಅವಳು ಚೀಟಿಯನ್ನು ಮಡಿಸಿ, ರವಿಕೆಯೊಳಗೆ ಇಟ್ಟುಕೊಂಡು, ಮೇಲಿಂದ ಕೈ ಒತ್ತಿ ನೋಡಿಕೊಂಡಳು. ನಾನೂ ನನ್ನ ಚೀಲವನ್ನು ಹಾಗೇ ಒತ್ತಿಕೊಂಡು ಕೂತಿದ್ದೆ.

ಶಾಖೆಯ ಮ್ಯಾನೇಜರರು ಸಭ್ಯರು. ನೀರು ಕೊಡಿಸಿದರು. ಪತ್ರ ನೋಡಿ, ಮೂಲೆಯ ಅರಿಶಿನವನ್ನು ಬೆರಳಿನಿಂದ ಒರೆಸಿ, "ವಾಯಿದೆ ಮುಗದದಲ್ರಿ. ಹೊಸದು ತೆಗೀಬೇಕಾಗ್ತದ" ಎಂದರು.

"ತೆಗೀರಿ" ಎಂದಳು ಮೌಶಿ. "ವಿಮಾ ಬಿಟ್ಟು ತೆಗೀರಿ."

"ಎಲ್ಲಾರೂ ತಗೋತಾರ್ರಿ ಸಿಸ್ಟರ್. ನಾಳೆ ಏನರ ಆದ್ರ ಮನಿಯವರ ಮ್ಯಾಲ ಬೀಳಬಾರದು ನೋಡ್ರಿ."

ನಾನು ನೋಟ್‌ಬುಕ್ ತೆರೆದೆ. "ತಗೊಳ್ಳಲೇಬೇಕು ಅಂತ ಅದ ಏನ್ರಿ ಸರ್?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇಲ್ರಿ" ಎಂದರು. "ಕಡ್ಡಾಯ ಏನಿಲ್ಲ."

"ಮತ್ತ ಕನ್ನಡದಾಗ ಬೇಕ್ರಿ."

"ಕನ್ನಡದಾಗ ಬರಂಗಿಲ್ರಿ ಮೇಡಂ, ಎಲ್ಲಾ ಕಂಪ್ಯೂಟರಿಂದ ಬರ್ತದ."

ನಾನು ಬರೆದುಕೊಂಡದ್ದನ್ನು ಓದಿದೆ. ಮೊದಲ ಸಾಲಿನಲ್ಲಿ ದನಿ ಒಡೆಯಿತು, ಎರಡನೆಯದರಲ್ಲಿ ಸರಿಹೋಯಿತು. ಮೂರನೆಯದಕ್ಕೆ ಬರುವ ಹೊತ್ತಿಗೆ ಪಕ್ಕದ ಮೇಜಿನವರೂ ಕೆಲಸ ನಿಲ್ಲಿಸಿದ್ದರು. ಮ್ಯಾನೇಜರರು ನೋಟ್‌ಬುಕ್ ಇಸಿದುಕೊಂಡು ತಾವೇ ಒಮ್ಮೆ ಓದಿದರು. ಆಮೇಲೆ ತಮ್ಮ ಮೇಲಿನ ಕಚೇರಿಗೆ ಫೋನ್ ಹಚ್ಚಿದರು. ಒಂದು ಗಂಟೆ ಕಾಯಿಸಿದರು. ಮತ್ತೊಮ್ಮೆ ಫೋನ್ ಬಂತು. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ಏನನ್ನೋ ಹುಡುಕಿ, ಹುಬ್ಬೇರಿಸಿ, "ಸರ್, ಅದ್ರಿ! ಭಾಷಾ ಅಂತ ಒಂದು ಬಟನ್ನೇ ಅದ. ಯಾರೂ ಒತ್ತೇ ಇಲ್ಲ" ಎಂದಳು.

ಪ್ರಿಂಟರಿನಿಂದ ಮೊದಲ ಹಾಳೆ ಹೊರಬಂದಾಗ ನಾವೆಲ್ಲರೂ, ಮ್ಯಾನೇಜರರೂ ಸೇರಿ, ಎದ್ದು ನಿಂತು ನೋಡುತ್ತಿದ್ದೆವು. ಬಡ್ಡಿ ದರ. ವಾರ್ಷಿಕ ಒಟ್ಟು ದರ. ಕಂತು. ದಂಡ. ಕನ್ನಡದಲ್ಲಿ, ಬಿಸಿಬಿಸಿಯಾಗಿ. ಮೇಲಿನ ಅಂಕಿ ಮೊದಲಿನಷ್ಟೇ ಇತ್ತು, ಒಂಬತ್ತೂ ಕಾಲು. ಕೆಳಗಿನದು ಒಂಬತ್ತೂವರೆಗೂ ಕೆಳಗೆ ಇಳಿದಿತ್ತು. ನಾನು ಮೌಶಿಯ ಮೊಣಕೈ ಹಿಡಿದು ತೋರಿಸಿದೆ.

"ಬಿಪಿ ನಾರ್ಮಲ್" ಎಂದಳು ಅವಳು.

ಅಷ್ಟಕ್ಕೇ ಮುಗಿಯಲಿಲ್ಲ. ಮೌಶಿ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, "ಈಗ ಹೇಳ್ರಿ" ಎಂದಳು. ಮ್ಯಾನೇಜರರು ಒಂದೊಂದೇ ಸಾಲು ಹೇಳುತ್ತಾ ಹೋದರು. ಮೊದಮೊದಲು ಗಂಟಲಲ್ಲೇ ಓದಿದರು. ಮೌಶಿ ಸುಮ್ಮನೆ ಕಾದಳು, ರೋಗಿಯ ಮನೆಯವರು ಗಾಬರಿಯಲ್ಲಿ ಮಾತಾಡುವಾಗ ಕಾಯುವಂತೆ. ಆಮೇಲೆ ಅವರೂ ನಿಧಾನವಾದರು.

"ಬಡ್ಡಿ ಏರೋದು ಇಳಿಯೋದು ಅಂದ್ರಿ. ಏರಿದ್ರ ನನಗ ಹೇಳ್ತೀರೋ, ಪಗಾರ ಕಡಿಮಿ ಬಂದಾಗ ನಾನೇ ತಿಳ್ಕೋಬೇಕೋ?"

"ಹೇಳ್ತೇವ್ರಿ. ಕಂತು ಹೆಚ್ಚು ಮಾಡ್ಬೇಕೋ, ವರ್ಷ ಹೆಚ್ಚು ಮಾಡ್ಬೇಕೋ, ಅದು ನಿಮ್ಮನ್ನೇ ಕೇಳ್ಬೇಕು."

"ನಾ ರಿಟೈರ್ ಆಗೋಕಿಂತ ಮೊದಲೇ ತೀರಿಸಿಬಿಟ್ರ? ದಂಡ?"

"ಏರಿಳಿಯೋ ಬಡ್ಡಿ ಅದಲ್ರಿ, ಮನಿಸಾಲ. ಮೊದಲೇ ಕಟ್ಟಿದ್ರ ದಂಡ ಇಲ್ಲ."

"ಇಲ್ಲಿ ಕೆಳಗ ಒಬ್ರ ಫೋನ್ ನಂಬರ್ ಅದ. ಇವರ್ಯಾರು?"

"ತಕರಾರು ಇದ್ರ ಅವರಿಗೆ ಹೇಳ್ಬಹುದ್ರಿ."

"ಯಾರ ಮ್ಯಾಲ ತಕರಾರು?"

ಮ್ಯಾನೇಜರರು ನಕ್ಕುಬಿಟ್ಟರು. "ನಮ್ಮ ಮ್ಯಾಲೇ ರೀ."

"ಛಲೋ ಮಂದಿ ಅದೀರಿ. ನಿಮ್ಮ ಮ್ಯಾಲ ಚಾಡಿ ಹೇಳೋ ನಂಬರ್ ನೀವೇ ಕೊಡ್ತೀರಿ."

ಎಲ್ಲ ಮುಗಿದ ಮೇಲೆ ಅವರು ಪೆನ್ನು ಮುಂದಿಟ್ಟರು. ಮೌಶಿ ಅದನ್ನು ಮುಟ್ಟಲಿಲ್ಲ. "ಇದಕ್ಕೂ ಮೂರು ದಿನ ಅವಲ್ಲ? ಗುರುವಾರದೊಳಗ ಬರ್ತೇನಿ" ಎಂದು ಹಾಳೆಗಳನ್ನು ಮಡಿಸಿದಳು. ಹೊರಗೆ ಬಂದ ಮೇಲೆ, "ಯುಗಾದಿ ಹತ್ರ ಬಂದದ, ಅಲ್ಲೇ ಮಾಡಬಹುದಿತ್ತಲ್ಲ" ಎಂದೆ.

"ಆಪರೇಷನ್ ಟೇಬಲ್ ಮ್ಯಾಲ ಮಲಗಿಸಿ ಸೈ ತಗೋಬಾರದು" ಎಂದಳು. "ಒಮ್ಮೆ ನಾನೊಬ್ಬಾಕಿನೇ ಓದಬೇಕು. ನಿನ್ನ ಬಾಯಿಲೆ ಕೇಳಿದ್ದು ಬ್ಯಾರೆ."

ಭಾಲ್ಕಿಗೆ ಬಂದಾಗ ಆಯಿ ಕೈಚಾಚಿ ಕಾಗದ ಇಸಿದುಕೊಂಡಳು. ಅಭ್ಯಾಸದ ಕಾಲು ಜಗಲಿಯ ಕಡೆಗೇ ನಡೆಯಿತು. ಎರಡು ಹೆಜ್ಜೆ ಇಟ್ಟವಳು ನಿಂತಳು.

"ಇದೂ ಮೂರೇ ದಿನ ಏನು?"

"ಮೂರೇ, ಆಯಿ."

ಆಯಿ ಒಂದು ಗಳಿಗೆ ಮಲ್ಲಣ್ಣನನ್ನು ನೋಡಿದಳು. ಭಂಡಾರದ ಬಟ್ಟಲಿಗೆ ಬೆರಳು ಅದ್ದಿ ಮೂಲೆಗೆ ಹಚ್ಚಿದಳು. ಕಾಗದವನ್ನು ದೇವರಿಗೆ ಒಮ್ಮೆ ತೋರಿಸಿ, ತಿರುಗಿ ತಂದು ಮೌಶಿಯ ದವಾಖಾನೆಯ ಚೀಲದಲ್ಲಿ ಇಟ್ಟಳು.

"ನೋಡ್ಯಾನ ಅವ. ಔರಾದಿಗೆ ಒಯ್ದು ಓದು."

ಇಪ್ಪತ್ತೆರಡು ವರ್ಷಕ್ಕೂ ಹಳೆಯ ಪದ್ಧತಿ ನನ್ನ ಕಣ್ಣೆದುರಿಗೆ ಅಷ್ಟು ಸಲೀಸಾಗಿ ಒಂದು ಹೆಜ್ಜೆ ಸರಿದು ನಿಂತಿತು.

ಮೌಶಿ ಎರಡು ದಿನ ಔರಾದಿನಲ್ಲಿ, ಊಟದ ವೇಳೆಯಲ್ಲಿ, ಕೇಸ್ ಶೀಟಿಗೆ ಬಳಸುವ ಕೆಂಪು ಪೆನ್ನಿನಿಂದ ಗೆರೆ ಎಳೆಯುತ್ತಾ ಓದಿದಳು. ಎರಡು ಪ್ರಶ್ನೆಗಳನ್ನು ಮ್ಯಾನೇಜರರಿಗೆ ಫೋನಿನಲ್ಲಿ ಕೇಳಿದಳು. ಗುರುವಾರ ಮೊದಲ ಬಸ್ಸಿಗೆ ಬೀದರಿಗೆ ಬಂದಳು. ನಾನು ತರಗತಿ ಮುಗಿಸಿ ಓಡುತ್ತಾ ಶಾಖೆ ತಲುಪಿದಾಗ ಅವಳು ಸಹಿ ಮಾಡಿ, ಗಡಿಯಾರ ನೋಡಿ, ತಾರೀಖಿನ ಕೆಳಗೆ ಹೊತ್ತನ್ನೂ ಬರೆಯುತ್ತಿದ್ದಳು. "ಹೊತ್ತು ಬೇಕಾಗಿಲ್ರಿ ಸಿಸ್ಟರ್" ಎಂದರು ಮ್ಯಾನೇಜರರು. "ಇರ್ಲಿ ಬಿಡ್ರಿ" ಎಂದಳು.

ಯುಗಾದಿಯ ಹಿಂದಿನ ದಿನ ಕಾಕಾ ಬಂದರು. ಅಷ್ಟರೊಳಗೆ ಕಂಪನಿಯ ಡಿಡಿ ತಯಾರಾಗಿತ್ತು. ಹಬ್ಬದ ಮರುದಿನ ಭಾಲ್ಕಿಯ ನೋಂದಣಿ ಕಚೇರಿಯ ಮೆಟ್ಟಿಲನ್ನು ಅವರು ನನ್ನ ಹೆಗಲು ಹಿಡಿದು ಹತ್ತಿದರು. ಬೆರಳಚ್ಚು, ಫೋಟೋ, ಎಲ್ಲ ಮುಗಿದು ಡಿಡಿ ಅವರ ಕೈಗೆ ಹೋದ ಮೇಲೆ ಅವರ ಫೋನ್ ರಿಂಗಾಯಿತು. ಕಾಕಾ ಅದನ್ನು ದೂರ ಹಿಡಿದು ಹೆಸರು ಓದಿ, ಕಿವಿಗಿಟ್ಟರು. "ಆತ್ರಿ, ಮುಗೀತು. ಬಾಯಿಯವರ ಹೆಸರಿಗೆ ಆತು. ನೀವು ಬ್ಯಾರೆ ಬಾವಿ ನೋಡ್ಕೋರಿ."

ಮನೆಗೆ ಬಂದಾಗ ಆಯಿ ಹೊಸ್ತಿಲಲ್ಲೇ ಕೈಚಾಚಿ ನಿಂತಿದ್ದಳು. "ಕಾಗಜ ಎಲ್ಲಿ?"

ಖರೀದಿಪತ್ರ ಕಂಪನಿಯ ವಕೀಲರ ಕೈಗೆ ಹೋಗಿತ್ತು. ಸಾಲ ತೀರುವ ತನಕ ಅದು ಅವರ ಹತ್ತಿರ ಅಡವು. ಇದನ್ನು ಆಯಿಗೆ ಹೇಳುವ ಕೆಲಸ ನನ್ನದಾಯಿತು.

"ಹದಿನೈದು ವರ್ಷ ಜಗಲಿಗೆ ಬರಂಗಿಲ್ಲ?" ಎಂದಳು ಆಯಿ. "ಕಳದ್ರ?"

"ಕಳದ್ರ ಅವರೇ ಖರ್ಚು ಹಾಕಿ ನಕಲು ತೆಗಿಸಿ ಕೊಡಬೇಕು. ಸಾಲ ತೀರಿದ್ ಮ್ಯಾಲ ಮೂವತ್ತು ದಿನದಾಗ ವಾಪಸ್ ಕೊಡ್ಬೇಕು. ಅವರ ತಪ್ಪಿಲೆ ತಡ ಆತು ಅಂದ್ರ, ದಿನಕ್ಕ ಐದು ಸಾವಿರ ನಮಗ ಕೊಡ್ಬೇಕು."

"ದಿನಕ್ಕ?"

"ದಿನಕ್ಕ."

ಆಯಿ ಗಂಭೀರವಾಗಿ ಲೆಕ್ಕ ಹಾಕಿದಳು. "ಹಂಗಾದ್ರ ಆರಾಮ ಕೊಡ್ಲಿ ಬಿಡು. ಅವಸರ ಏನದ?"

ಮೌಶಿ ನಕ್ಕು ನಕ್ಕು ಕಂಬಕ್ಕೆ ಆತುಕೊಂಡಳು. ಜಗಲಿಯ ಮೇಲೆ ಖರೀದಿಪತ್ರದ ಬದಲು ಕೆಂಪು ಗೆರೆಗಳ ಆ ಕನ್ನಡದ ಹಾಳೆಗಳು ಕೂತವು. ಓದಿ ಮುಗಿದಿದ್ದರಿಂದ ಅವಕ್ಕೆ ಅಲ್ಲಿ ಎಷ್ಟು ದಿನವಾದರೂ ಇರಲು ಅಡ್ಡಿ ಇರಲಿಲ್ಲ.

ಮರುದಿನ ಬೆಳಗ್ಗೆ ಮೌಶಿ ಕೊಡ ಹಿಡಿದು ಹಿತ್ತಲಿಗೆ ಹೋದಾಗ ಪಾಳಿಯಲ್ಲಿದ್ದವರು ಎರಡು ಹೆಜ್ಜೆ ಸರಿದು ದಾರಿ ಬಿಟ್ಟರು.

"ಬರ್ರಿ ಸಿಸ್ಟರ್, ಇನ್ನ ನೀವು ಮಾಲಕರು. ಮೊದಲ ನೀವು ತುಂಬ್ರಿ."

"ಯಾವ ಮಾಲಕಿ?" ಎಂದಳು ಆಯಿ ಕುರ್ಚಿಯಿಂದ. "ಕಾಗಜ ಇನ್ನ ಹದಿನೈದು ವರ್ಷ ಬೀದರದಾಗ ಅದ. ಪಾಳಿಗೆ ನಿಲ್ಲಂತ ಹೇಳ್ರಿ ಆಕಿಗೆ. ನಾಲ್ಕೇ ಕೊಡ."

ಕಾನೂನಿನ ಪ್ರಕಾರ ಅದು ತಪ್ಪು. ಅಡವು ಇಟ್ಟರೂ ಮನೆ ಮೌಶಿಯದೇ, ಬಾವಿಯೂ ಅವಳದೇ. ಮೌಶಿ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು, ಪಾಳಿಯವರನ್ನು ಎಣಿಸಿ, ಐದನೆಯವಳಾಗಿ ಹೋಗಿ ನಿಂತಳು.